ಜರ್ಮನ್‌ನ ‘ವೇರ್ಡನ್’ ಕ್ರಿಯಾಪದಕ್ಕೆ ಮೂರು ಅರ್ಥ ಯಾಕೆ?

‘ವೇರ್ಡನ್’ ಅಂದರೆ ಮೂಲತಃ ‘ಆಗು’. ಭವಿಷ್ಯ, ಕರ್ಮಣಿ ಪ್ರಯೋಗ ಎರಡೂ ಆ ಒಂದೇ ಅರ್ಥದಿಂದ ಕವಲೊಡೆದವು.

ಇದರ ಹಳೆಯ ಬೇರಿಗೆ ‘ತಿರುಗು’ ಎಂಬ ಅರ್ಥವಿತ್ತು. ಸಂಸ್ಕೃತದ ‘ವೃತ್’ ಧಾತುವೂ ಅದೇ ಬೇರಿನದು. ನಾವು ದಿನಾ ಬಳಸುವ ಪರಿವರ್ತನೆ, ವರ್ತುಲ, ವರ್ತನೆ ಎಲ್ಲ ಅಲ್ಲಿಂದಲೇ ಬಂದವು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ತಿರುಗುವುದೇ ‘ಆಗುವುದು’ ಅಲ್ವಾ? ಇನ್ನೂ ಆಗಬೇಕಿರುವುದು ಭವಿಷ್ಯ. ಯಾರೋ ಮಾಡಿದ್ದರಿಂದ ಆಗುವುದು ಕರ್ಮಣಿ.

ಯಾವ ಅರ್ಥ ಅಂತ ತಿಳಿಯಲು ಜೊತೆಗಿರುವ ಪದ ನೋಡಿ. (ಕೆಳಗಿನ ‘ವಿರ್ಟ್’, ‘ವೇರ್ಡೆ’ ಎರಡೂ ವೇರ್ಡನ್‌ನ ರೂಪಗಳೇ.) ‘ಎಸ್ ವಿರ್ಟ್ ಕಾಲ್ಟ್’ ಅಂದರೆ ಚಳಿಯಾಗುತ್ತಿದೆ; ಇಲ್ಲಿ ಕಾಲ್ಟ್ ಗುಣವಾಚಕ. ‘ಇಶ್ ವೇರ್ಡೆ ಕೊಮ್ಮನ್’ ಅಂದರೆ ನಾನು ಬರುತ್ತೇನೆ. ಕೊನೆಯಲ್ಲಿ ಕ್ರಿಯಾಪದದ ಮೂಲರೂಪ ಇದೆ, ಹಾಗಾಗಿ ಭವಿಷ್ಯ. (ಮಾತಿನಲ್ಲಿ ‘ನಾಳೆ’ ಎಂಬಂಥ ಪದವಿದ್ದರೆ ಜರ್ಮನ್ನರು ಇದನ್ನು ಬಿಟ್ಟು ವರ್ತಮಾನವನ್ನೇ ಜಾಸ್ತಿ ಬಳಸುತ್ತಾರೆ.) ‘ದಾಸ್ ಹೌಸ್ ವಿರ್ಟ್ ಗೆಬೌಟ್’ನಲ್ಲಿ ಗೆಬೌಟ್ ಎಂದರೆ ‘ಕಟ್ಟಿದ’. ಅಲ್ಲಿಗೆ ಅದು ಕರ್ಮಣಿ: ಮನೆ ಕಟ್ಟಲಾಗುತ್ತಿದೆ.

ಈ ಕನ್ನಡ ವಾಕ್ಯದಲ್ಲೂ ‘ಆಗು’ ಇದೆ, ಗಮನಿಸಿ. ಹಾಗಾಗಿ ಕನ್ನಡಿಗರಿಗೆ ವೇರ್ಡನ್ ಅಷ್ಟೇನೂ ಕಷ್ಟವಲ್ಲ.