ಬಿದ್ದದ್ದು ಮಳೆ, ಮನೆಯಲ್ಲ

ಓದುಗರೊಬ್ಬರು ಮೂರು ಪ್ರಶ್ನೆ, ಒಂದು ದೂರು ಕಳಿಸಿದ್ದಾರೆ. ‘ಸಂಪಾದಕರಾದ ಮೇಲೆ ಕವಿತೆ ಬಿಟ್ಟೇಬಿಟ್ಟಿರಾ? ಈಗ ಏನು ಬರೆಯುತ್ತಿದ್ದೀರಿ? ನಿಮಗೆ ತುಂಬಾ ಇಷ್ಟವಾದ ಕವಿತಾ ವಾಚನ ಯಾವುದು? ಅಂದ ಹಾಗೆ, ಕಳೆದ ಸಂಚಿಕೆಯ ನಿಮ್ಮ ಕವಿತೆಯಲ್ಲಿ “ರಾತ್ರಿಯಿಡೀ ಮನೆ ಬಿತ್ತು” ಎಂದಿದೆ. ಒಂದು ಮನೆ ಬೀಳೋಕೆ ರಾತ್ರಿಯಿಡೀ ಬೇಕಾ?’

ನಮಸ್ಕಾರ. ದೂರಿನಿಂದಲೇ ಶುರು ಮಾಡುತ್ತೇನೆ.

ಬಿದ್ದದ್ದು ಮಳೆ. ಕರಡು ತಿದ್ದಿದವನು ನಾನೇ. ಹಾಗಾಗಿ ಬೈಯೋಣವೆಂದರೆ ಬೇರೆ ಯಾರೂ ಸಿಗಲಿಲ್ಲ. ಬೇರೆಯವರ ಬರಹದಲ್ಲಿ ಒಂದು ಕೊಂಬು ಹೆಚ್ಚಾದರೂ ಕಣ್ಣಿಗೆ ಚುಚ್ಚುತ್ತದೆ. ನನ್ನದೇ ಕವಿತೆಯಾದರೆ ಕಣ್ಣು ಅಕ್ಷರ ನೋಡುವುದೇ ಇಲ್ಲ. ಮನಸ್ಸಿನಲ್ಲಿರುವುದನ್ನೇ ಓದಿಕೊಂಡು ಮುಂದಕ್ಕೆ ಹೋಗಿಬಿಡುತ್ತದೆ.

ವಿಚಿತ್ರ ಅಂದರೆ, ಈಗ ನಾನು ಬರೆಯುತ್ತಿರುವುದೂ ಇಂಥ ತಪ್ಪುಗಳ ಮೇಲೆಯೇ. ಕರಡಿನಲ್ಲಿ ಸಿಕ್ಕ ಅಚ್ಚಿನ ತಪ್ಪುಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಟೈಪ್ ಮಾಡುವಾಗ ಬೆರಳು ಶಿಫ್ಟ್ ಕೀ ಮೇಲೆ ಒಂದು ಕ್ಷಣ ಜಾಸ್ತಿ ನಿಂತರೆ ಸಾಕು, ‘ಹಾಲು’ ಹೋಗಿ ‘ಹಾಳು’ ಆಗುತ್ತದೆ. ‘ಬೆಳಗಾದರೆ ಮನೆ ಬಾಗಿಲಿಗೆ ಹಾಳು.’ ಇದು ಒಬ್ಬರ ಪ್ರಬಂಧದಲ್ಲಿ ಸಿಕ್ಕಿದ್ದು. ಅವರ ಪ್ರಬಂಧಕ್ಕೆ ತಿದ್ದಿಕೊಟ್ಟೆ, ನನ್ನ ನೋಟ್‌ಬುಕ್ಕಿಗೆ ತಿದ್ದದೆ ಇಳಿಸಿಕೊಂಡೆ. ಅಂಥ ಒಂದೊಂದು ಸಾಲಿನಿಂದ ಒಂದೊಂದು ಕವಿತೆ ಶುರುವಾಗಬೇಕು. ತಪ್ಪನ್ನು ಸರಿ ಮಾಡುವ ಹಾಗಿಲ್ಲ, ಅದೇ ನಿಜ ಅನ್ನಿಸುವ ತನಕ ಬರೆಯಬೇಕು. ನಾನು ಹಾಕಿಕೊಂಡ ನಿಯಮ ಇಷ್ಟೇ.

ಹನ್ನೊಂದು ಕವಿತೆ ಆಗಿವೆ. ನಾಲ್ಕು ಪರವಾಗಿಲ್ಲ. ‘ಅಜ್ಜಿ ಹೇಳಿದ ಕತ್ತೆ’ ಎಂಬುದನ್ನು ಮಾತ್ರ ಮೂರು ಸಲ ಹರಿದು ಹಾಕಿದೆ. ಮೊದಲ ಸಾಲಿಗೆ ನಗು ಬರುತ್ತದೆ, ಎರಡನೆಯ ಸಾಲಿಗೆ ಕವಿತೆ ಮುಗಿದಿರುತ್ತದೆ. ಕತ್ತೆ ಮುಂದಕ್ಕೆ ಹೆಜ್ಜೆ ಇಡಲೇ ಇಲ್ಲ.

ಇನ್ನೊಂದು ಕೆಲಸವೂ ಇದೆ. ನನ್ನ ಗೆಳೆಯನೊಬ್ಬನಿಗೆ ಕಣ್ಣು ಮಂಜಾಗಿದೆ. ವಾರಕ್ಕೊಂದು ಕವಿತೆ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಅವನಿಗೆ ಕಳಿಸುತ್ತೇನೆ. ಹೊಗಳುವ ಜಾತಿಯವನಲ್ಲ. ‘ಮೂರನೇ ಸಾಲು ನುಂಗಿದ್ದೀಯ, ಇನ್ನೊಂದು ಸಲ ಓದು’ ಎಂದು ವಾಪಸ್ ಕಳಿಸುತ್ತಾನೆ. ಹಾಗೆ ನುಂಗಿದ ಸಾಲನ್ನು ಆಮೇಲೆ ನೋಡಿದರೆ, ಬರೆಯುವಾಗಲೇ ಸುಮ್ನೆ ಜಾಗ ತುಂಬಿಸಿದ್ದು ಗೊತ್ತಾಗುತ್ತದೆ. ಒಂದು ಅನುವಾದವೂ ನಡೆಯುತ್ತಿದೆ. ಅದರ ಸುದ್ದಿ ಈಗ ಬೇಡ.

ಇಷ್ಟದ ವಾಚನ ಅಂದಿರಿ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಓದಿದ್ದು ಕೇಳಿದ್ದೀರಾ? 1889ರಲ್ಲಿ, ಒಂದು ಔತಣದ ಮನೆಯಲ್ಲಿ, ಎಡಿಸನ್‌ನ ಫೋನೋಗ್ರಾಫ್, ಅಂದರೆ ಧ್ವನಿ ಹಿಡಿದಿಡುವ ಯಂತ್ರದ ಮುಂದೆ ನಿಂತು ತನ್ನದೇ ಪ್ರಸಿದ್ಧ ಕವಿತೆ ಹೇಳಲು ಹೋದ. ಕುದುರೆ ಸವಾರಿಯ ಪದ್ಯ, ಭರ್ಜರಿಯಾಗಿಯೇ ಹೊರಟ. ಕೆಲವು ಸಾಲಿಗೇ ಮರೆತುಹೋಯಿತು. ಕ್ಷಮಿಸಿ, ನನ್ನ ಪದ್ಯ ನನಗೇ ನೆನಪಿಲ್ಲ ಎಂದುಬಿಟ್ಟ. ಅದೂ ಮೇಣದ ಸಿಲಿಂಡರಿನಲ್ಲಿ ದಾಖಲಾಗಿದೆ. ಆ ಡಿಸೆಂಬರಿನಲ್ಲೇ ತೀರಿಕೊಂಡ. ಪದ್ಯಕ್ಕಿಂತ ಆ ತಡವರಿಕೆಯನ್ನು ಕೇಳಲೆಂದೇ ನಾನು ಮತ್ತೆ ಮತ್ತೆ ಹಾಕುತ್ತೇನೆ.

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್‌ಗೆ ಆದದ್ದು ಇದಕ್ಕೆ ಉಲ್ಟಾ. 1961ರ ಜನವರಿ 20, ಕೆನಡಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ದಿನ. ಕವಿಗೆ 86 ವರ್ಷ. ಆ ದಿನಕ್ಕೆಂದೇ ಹೊಸ ಕವಿತೆ ಬರೆದು ತಂದಿದ್ದರು. ಬಿಸಿಲಿನ ಝಳಕ್ಕೆ ಹಾಳೆ ಕಾಣಲಿಲ್ಲ. ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಟೋಪಿ ಅಡ್ಡ ಹಿಡಿದು ನೆರಳು ಮಾಡಲು ನೋಡಿದರು, ಪ್ರಯೋಜನವಾಗಲಿಲ್ಲ. ಹೊಸದನ್ನು ಅಲ್ಲಿಗೇ ಬಿಟ್ಟು, ಬಾಯಿಗೆ ಬರುತ್ತಿದ್ದ ಹಳೆಯ ಕವಿತೆಯೊಂದನ್ನು ಹೇಳಿ ಮುಗಿಸಿದರು. ಸಮಾರಂಭಕ್ಕೆಂದು ಬರೆದ ಕವಿತೆಗೆ ಬಿಸಿಲೇ ಅಡ್ಡ ಬಂದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸುತ್ತದೆ. ಹಳೆಯದು ಅದಕ್ಕಿಂತ ಗಟ್ಟಿ.

ಆದರೆ ನಾನೇ ಕೂತು ಕೇಳಿದ್ದರಲ್ಲಿ ಇಷ್ಟವಾದದ್ದು ಬೇರೆ. ಹೆಸರು ಬೇಡ, ಹಿರಿಯ ಕವಿಯೊಬ್ಬರು. ಇಪ್ಪತ್ತು ವರ್ಷದ ಹಿಂದೆ ಅಚ್ಚಾದ ತಮ್ಮದೇ ಪುಸ್ತಕದಿಂದ ಓದುತ್ತಿದ್ದರು. ಮಧ್ಯದಲ್ಲಿ ನಿಂತರು. ಕನ್ನಡಕ ಸರಿಮಾಡಿಕೊಂಡರು. ಅಂಗಿ ಜೇಬಿನಿಂದ ಪೆನ್ನು ತೆಗೆದು ಪುಟದಲ್ಲಿ ಏನನ್ನೋ ಹೊಡೆದು ಹಾಕಿ, ಮೇಲೆ ಏನೋ ಬರೆದರು. ಮೈಕಿನಲ್ಲಿ ಪೆನ್ನಿನ ಸದ್ದೂ ಕೇಳಿಸಿತು. ಆಮೇಲೆ ಯಾರಿಗೂ ಏನೂ ಹೇಳದೆ ಮೊದಲಿನಿಂದ ಓದಿದರು.

ಮುಗಿದ ಮೇಲೆ ಹೋಗಿ ಪುಟ ನೋಡಿದೆ. ‘ಆದರೆ’ ಇದ್ದಲ್ಲಿ ‘ಆಮೇಲೆ’ ಅಂತ ಮಾಡಿದ್ದರು, ಅಷ್ಟೇ. ಮನೆಗೆ ಬಂದು ನನ್ನ ಪ್ರತಿಯಲ್ಲಿ ಓದಿಕೊಂಡೆ. ಜಗಳದ ಹಾಗಿದ್ದ ಕವಿತೆ ಕತೆಯ ಹಾಗೆ ಕೇಳಿಸಿತು. ನನ್ನ ಪ್ರತಿಯಲ್ಲೂ ತಿದ್ದಿಕೊಂಡೆ, ಪೆನ್ಸಿಲಿನಲ್ಲಿ.

ಈಗ ನಿಮ್ಮ ಹತ್ತಿರ ಒಂದು ಕೇಳಿಕೆ. ‘ಒಂದು ಮನೆ ಬೀಳೋಕೆ ರಾತ್ರಿಯಿಡೀ ಬೇಕಾ’ ಎಂಬ ನಿಮ್ಮ ಸಾಲು ನನಗೆ ಬೇಕು. ಮೊದಲು ಗೋಡೆಯ ಸುಣ್ಣ, ಆಮೇಲೆ ಒಂದೊಂದೇ ಹೆಂಚು, ನಡುರಾತ್ರಿಯಲ್ಲಿ ತೊಲೆ, ಇಲ್ಲಿಯವರೆಗೆ ಬಂದಿದ್ದೇನೆ. ಬಳಸಿಕೊಳ್ಳಬಹುದು ಎಂದರೆ ಒಂದು ಕಾರ್ಡ್ ಹಾಕಿ.

‘ಮಳೆ’ಯ ತಿದ್ದುಪಡಿ ಈ ಸಂಚಿಕೆಯಲ್ಲಿದೆ. ಅದರ ಕರಡು ನಾನು ನೋಡಿಲ್ಲ, ಬೇರೆಯವರಿಗೆ ಕೊಟ್ಟಿದ್ದೆ.

— ಸಂ.