ಶಾರ್ಜಾಕ್ಕೆ ಹೊರಟ ತಮ್ಮನಿಗೆ

ತಮ್ಮಾ,

ಶಾರ್ಜಾದಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ಅಲ್ಲಿ ಜ್ವರ ಬಂದರೂ ಸಾವಿರಗಟ್ಟಲೆ ಖರ್ಚಂತೆ ಹೌದಾ, ಹೆಂಡತಿ ಮಗುವನ್ನು ಕರೆದುಕೊಂಡು ಬರಬಹುದಾ, ಕಾಸರಗೋಡಿನ ನಮ್ಮ ಪೆರ್ಲದಲ್ಲಿ ಅಮ್ಮನ ಸಕ್ಕರೆ ಕಾಯಿಲೆಗೆ ಏನು ಮಾಡುವುದು ಅಂತ ಕೇಳಿದ್ದೀ. ನಾನು ಇಲ್ಲಿಗೆ ಬಂದದ್ದು 2007ರಲ್ಲಿ. ಕಂಡದ್ದನ್ನು ಬರೆಯುತ್ತೇನೆ.

ಯಾವ ಆಸ್ಪತ್ರೆಗೇ ಹೋಗು, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿದುಕೋ. ನಮ್ಮ ಕಡೆಯವರು ಕಾಯಿಲೆ ಜೋರಾದರೆ ಮಂಗಳೂರಿನ ದೇರಳಕಟ್ಟೆಗೆ ಹೋಗುತ್ತೇವಲ್ವಾ? ಅಲ್ಲಿನ ಮೆಡಿಕಲ್ ಕಾಲೇಜುಗಳಲ್ಲಿ ಜನರಲ್ ವಾರ್ಡಿನ ಖರ್ಚು ಕಡಿಮೆ. ಕಲಿಯುವ ಮಕ್ಕಳಿಗೆ ರೋಗಿಗಳು ಬೇಕು, ಬೆಡ್ ಖಾಲಿ ಬಿದ್ದರೆ ಕಾಲೇಜಿನ ಮಾನ್ಯತೆಗೇ ತೊಂದರೆ. ಕಾಲೇಜಿನ ಫೀಸು ಬೇರೆ ಬರುತ್ತದೆ. ಹಾಗಾಗಿ ನಮ್ಮಂಥವರಿಗೆ ಅನುಕೂಲ. ಇಲ್ಲಿ ಆಸ್ಪತ್ರೆ ನಡೆಯುವುದು ಇನ್ಶೂರೆನ್ಸ್ ದುಡ್ಡಿನಿಂದ.

ಮೊದಲು ಹೀಗಿರಲಿಲ್ಲ. ಉಡುಪಿ ಕಡೆಯ ಬಿ.ಆರ್. ಶೆಟ್ಟರು 1975ರಲ್ಲಿ ಅಬುಧಾಬಿಯಲ್ಲಿ ಎನ್‌ಎಂಸಿ ಅನ್ನುವ ಖಾಸಗಿ ಆಸ್ಪತ್ರೆ ಸಂಸ್ಥೆ ಶುರು ಮಾಡಿದರು. ಕೇರಳದ ಡಾ. ಆಜಾದ್ ಮೂಪನ್ 1987ರಲ್ಲಿ ದುಬೈಯಲ್ಲಿ ಒಂದೇ ಒಂದು ಕ್ಲಿನಿಕ್ ಇಟ್ಟು ಆಸ್ಟರ್ ಆಸ್ಪತ್ರೆಗಳನ್ನು ಕಟ್ಟಿದರು. ಆಗೆಲ್ಲ ರೋಗಿ ಜೇಬಿನಿಂದಲೇ ಕೊಡಬೇಕಿತ್ತು. ನಾನೂ ಬಂದ ಹೊಸತರಲ್ಲಿ ಹಾಗೇ ಕೊಟ್ಟಿದ್ದೇನೆ. ತಿಂಗಳ ಕೊನೆಗೆ ಜ್ವರ ಬಂದರೆ ಸಂಬಳದವರೆಗೆ ಮಾತ್ರೆ ನುಂಗಿಕೊಂಡು ಕಾಯುತ್ತಿದ್ದೆವು. ಆಮೇಲೆ ಯುಎಇಯ ಒಂದೊಂದು ಕಡೆ ಒಂದೊಂದು ವರ್ಷ ಕಾನೂನು ಬಂತು. ಅಬುಧಾಬಿಯಲ್ಲಿ 2006ರಿಂದ, ದುಬೈಯಲ್ಲಿ 2013ರ ಕಾನೂನಿನಂತೆ ಹಂತಹಂತವಾಗಿ, ಶಾರ್ಜಾ ಅಜ್ಮಾನ್ ಕಡೆಗೆ 2025ರ ಜನವರಿ 1ರಿಂದ ಇನ್ಶೂರೆನ್ಸ್ ಕಡ್ಡಾಯ. ಖಾಸಗಿಯವರು ತಕ್ಷಣ ದಾರಿ ಬದಲಿಸಿದರು. ದೊಡ್ಡ ಆಸ್ಪತ್ರೆಯ ಜತೆಗೆ ಕೆಲಸಗಾರರು ಇರುವ ಕಡೆ ಸಣ್ಣ ಕ್ಲಿನಿಕ್, ಅದರ ಪಕ್ಕದಲ್ಲೇ ಫಾರ್ಮಸಿ, ಫೋನಿನಲ್ಲಿ ಡಾಕ್ಟರು.

ಇದರಲ್ಲಿ ಒಳ್ಳೆಯದೂ ಇದೆ, ನೋವೂ ಇದೆ. ಒಮ್ಮೆ ಗಂಟಲು ನೋವಿಗೆ ಒಂದು ಕ್ಲಿನಿಕ್‌ಗೆ ಹೋದೆ. ರಕ್ತ, ಎಕ್ಸ್‌ರೇ, ಎರಡು ಇಂಜೆಕ್ಷನ್. ಎಲ್ಲ ಮುಗಿದ ಮೇಲೆ ನನ್ನ ಪಾಲಿನ ದುಡ್ಡು ಕೇಳಿದರು. ಬರೀ ಗಂಟಲು ನೋವಿಗೆ ಇಷ್ಟೆಲ್ಲ ಯಾಕೆ ಅಂತ ನನಗೆ ತುಂಬ ಬೇಸರವಾಯಿತು. ಓಪಿಯಲ್ಲಿ, ಅಂದರೆ ಅಡ್ಮಿಟ್ ಆಗದೆ ತೋರಿಸಿ ಬರುವಾಗ, ಪ್ರತಿ ಟೆಸ್ಟಿಗೂ ಇನ್ಶೂರೆನ್ಸ್ ಬೇರೆ ಬೇರೆ ದುಡ್ಡು ಕೊಡುತ್ತದೆ, ಆದ್ದರಿಂದ ಟೆಸ್ಟ್ ಜಾಸ್ತಿಯಾದಷ್ಟೂ ಕ್ಲಿನಿಕ್‌ಗೆ ಲಾಭ ಅಂತ ಆಮೇಲೆ ಗೊತ್ತಾಯಿತು. ಅಡ್ಮಿಟ್ ಆದವರಿಗೆ ಮಾತ್ರ ಅಬುಧಾಬಿ 2010ರಲ್ಲಿ, ದುಬೈ 2020ರಲ್ಲಿ ಲೆಕ್ಕ ಬದಲಿಸಿದವು. ಇಂಥ ಕಾಯಿಲೆಗೆ ಇಷ್ಟು ಅಂತ ಒಟ್ಟಿಗೆ ಒಂದು ಮೊತ್ತ. ಆಗ ರೋಗಿಯನ್ನು ಸುಮ್ನೆ ನಾಲ್ಕು ದಿನ ಮಲಗಿಸಿಟ್ಟರೆ ನಷ್ಟ ಆಸ್ಪತ್ರೆಗೇ. ಇದು ಸರಿಯಾದ ದಾರಿ ಅಂತ ನನ್ನ ನಂಬಿಕೆ. ಓಪಿಗೂ ಇಂಥದ್ದೇನಾದರೂ ಬರಬೇಕು. ಅಲ್ಲಿಯವರೆಗೆ ನೀನೇ ಕೇಳಬೇಕು: ಡಾಕ್ಟ್ರೇ, ಈ ಟೆಸ್ಟ್ ಈಗಲೇ ಬೇಕಾ? ಕೇಳಲು ನಾಚಿಕೆ ಬೇಡ.

ಈಗ ನಿನ್ನ ಲೆಕ್ಕ. ಶಾರ್ಜಾದ ಬೇಸಿಕ್ ಪ್ಯಾಕೇಜು ವರ್ಷಕ್ಕೆ 320 ದಿರ್ಹಂನಿಂದ ಶುರು. ಅದನ್ನು ಕಟ್ಟಬೇಕಾದದ್ದು ನಿನಗೆ ಕೆಲಸ ಕೊಟ್ಟ ಕಂಪೆನಿ. ಓಪಿಗೆ ಹೋದರೆ ನಿನ್ನ ಪಾಲು ಶೇ. 25, ಆದರೆ ಒಂದು ಸಲಕ್ಕೆ 100 ದಿರ್ಹಂ ದಾಟುವಂತಿಲ್ಲ. ಅದೇ ಕಾಯಿಲೆಗೆ 7 ದಿನದೊಳಗೆ ಮತ್ತೆ ಹೋದರೆ ಕೊಡಬೇಕಿಲ್ಲ. ಅಡ್ಮಿಟ್ ಆದರೆ ಶೇ. 20, ಒಂದು ಸಲಕ್ಕೆ 500ರವರೆಗೆ. ಮದ್ದಿಗೆ ಶೇ. 30. ಹಾಗಾಗಿ ಜ್ವರಕ್ಕೆ ಸಾವಿರಗಟ್ಟಲೆ ಅನ್ನುವುದು ಈಗ ಸರಿಯಲ್ಲ. ತೊಡಕಿರುವುದು ನೆಟ್‌ವರ್ಕಿನಲ್ಲಿ, ಅಂದರೆ ಈ ಇನ್ಶೂರೆನ್ಸ್ ನಡೆಯುವ ಆಸ್ಪತ್ರೆಗಳ ಪಟ್ಟಿಯಲ್ಲಿ. ಈ ಪ್ಯಾಕೇಜು ಶುರುವಾದಾಗ ಅದರಲ್ಲಿ ಇದ್ದದ್ದು 7 ಆಸ್ಪತ್ರೆ, 46 ಕ್ಲಿನಿಕ್, 45 ಫಾರ್ಮಸಿ ಮಾತ್ರ. ಮನೆಯೆದುರಿನ ದೊಡ್ಡ ಆಸ್ಪತ್ರೆ ನಿನ್ನ ಪಟ್ಟಿಯಲ್ಲಿ ಇಲ್ಲದಿದ್ದರೆ ಪೂರ್ತಿ ಬಿಲ್ಲು ನಿನ್ನದೇ. ಸಹಿ ಹಾಕುವ ಮೊದಲು ಎಚ್‌ಆರ್‌ನವರಿಂದ ಆ ಪಟ್ಟಿ ತರಿಸಿಕೋ.

ಹೆಂಡತಿ ಮಗುವಿನ ಇನ್ಶೂರೆನ್ಸನ್ನು ನಿನ್ನ ಕಂಪೆನಿ ಕೊಡುತ್ತದಾ ಅಂತ ಬರಹದಲ್ಲಿ ಕೇಳು. ಇಲ್ಲ ಅಂದರೆ ಆ ಖರ್ಚನ್ನು ಸಂಬಳದಿಂದ ಕಳೆದು ನೋಡು. ಮೊದಲ ಆರು ತಿಂಗಳು ನೀನೊಬ್ಬನೇ ಇದ್ದರೆ ಒಳ್ಳೆಯದು.

ಅಮ್ಮನನ್ನು ಮದ್ದಿಗಾಗಿ ಇಲ್ಲಿಗೆ ಕರೆತರಬೇಡ. ಆದರೆ ಮಂಗಳೂರೊಂದನ್ನೇ ನಂಬಿ ಕೂರಬೇಡ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕ-ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತದ್ದು ನೆನಪಿದೆಯಲ್ವಾ? ಮಂಗಳೂರಿಗೆ ಹೋಗಲಾಗದೆ ನಮ್ಮವರು ಜೀವ ಕಳೆದುಕೊಂಡರು. ನಾನು ಇಲ್ಲಿ ಕುಳಿತು ಫೋನ್ ಹಿಡಿದು ಅತ್ತಿದ್ದೇನೆ. ಗಡಿಯ ಈಚೆ, ಕಾಸರಗೋಡಿನಲ್ಲೇ ಇರುವ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಪೆರ್ಲಕ್ಕೆ ಹತ್ತಿರ. ಅಲ್ಲೂ ಅಮ್ಮನ ಹೆಸರಲ್ಲಿ ಒಂದು ಓಪಿ ಚೀಟಿ ಮಾಡಿಸಿಡು. ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ತಂಗಿಯ ಕೈಗೆ ಕೊಡು.

ನೀನು ದಿನಾ ತಿನ್ನುವ ಮಾತ್ರೆ ಇದ್ದರೆ ಡಾಕ್ಟರ ಚೀಟಿಯ ಜತೆಗೇ ತಾ. ಕೆಲವು ನೋವಿನ ಮಾತ್ರೆಗಳಿಗೆ ಇಲ್ಲಿ ಮೊದಲೇ ಅನುಮತಿ ಬೇಕು. ಚೀಟಿಯ ಫೋಟೊ ಈ ವಾರವೇ ಕಳಿಸು, ನೋಡಿ ಹೇಳುತ್ತೇನೆ.