ಮೋಟರ್‌ಹೋಮ್‌ನ (ವಾಸದ ಸೌಕರ್ಯವಿರುವ ವಾಹನದ) ಎಬಿಎಸ್ ದೀಪ ಆರದಿದ್ದರೆ ಇಡೀ ಎಬಿಎಸ್ ನಿಯಂತ್ರಣ ಘಟಕವನ್ನೇ ಬದಲಿಸಬೇಕೇ?

ಬಹುತೇಕ ಬೇಕಾಗುವುದಿಲ್ಲ. ಎಬಿಎಸ್ ಎಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ. ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದ್ದರೆ ಮಾತ್ರ ವಾಹನವನ್ನು ಕದಲಿಸಬೇಡಿ. ತಿಂಗಳುಗಟ್ಟಲೆ ನಿಂತೇ ಇರುವ ಇಂಥ ವಾಹನಗಳಲ್ಲಿ ಮೊದಲು ಬ್ಯಾಟರಿಯ ವೋಲ್ಟೇಜ್, ಫ್ಯೂಸ್ ಮತ್ತು ಅರ್ಥಿಂಗ್ ಪರೀಕ್ಷಿಸಿ, ಬಳಿಕ ಎಬಿಎಸ್‌ನ ದೋಷ ಕೋಡ್ ಓದಬಲ್ಲ ಸ್ಕ್ಯಾನರ್‌ನಿಂದ ದೋಷ ಯಾವ ಚಕ್ರದ್ದೆಂದು ತಿಳಿದುಕೊಳ್ಳಬೇಕು. ಕೋಡ್ ಚಕ್ರದ ವೇಗ ಅಳೆಯುವ ಸೆನ್ಸರಿನತ್ತ ಬೆರಳು ತೋರಿಸಿತೆಂದು ಕೂಡಲೇ ಹೊಸ ಸೆನ್ಸರ್ ಕೊಳ್ಳಬೇಡಿ; ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿರುವುದೂ ಉಂಟು, ಅದನ್ನು ಉಜ್ಜಿ ತೆಗೆಯಲು ಖರ್ಚೇ ಇಲ್ಲ. ಹಳೆಯ ಕಾಯಿಲ್ ಮಾದರಿಯ ಸೆನ್ಸರಾದರೆ, ಅದು ಸರಿಯಿದ್ದಾಗ ಮಲ್ಟಿಮೀಟರ್ ಸಾಮಾನ್ಯವಾಗಿ 800ರಿಂದ 2000 ಓಮ್ ತೋರಿಸುತ್ತದೆ. ಅದೇ ಆಕ್ಸಲ್‌ನ ಇನ್ನೊಂದು ಚಕ್ರದ ಸೆನ್ಸರಿನೊಂದಿಗೆ ಹೋಲಿಸಿ. ತಂತಿ, ಸೆನ್ಸರ್, ಸೆನ್ಸರ್ ಓದುವ, ಚಕ್ರದೊಂದಿಗೆ ತಿರುಗುವ ಹಲ್ಲಿನ ಉಂಗುರ ಎಲ್ಲವೂ ಸರಿಯಿದ್ದಾಗಷ್ಟೇ ಘಟಕವನ್ನು ಸಂಶಯಿಸಬೇಕು. ಆಗಲೂ ಅದರ ಎಲೆಕ್ಟ್ರಾನಿಕ್ ಭಾಗವನ್ನು, ಬಿರುಕುಬಿಟ್ಟ ಬೆಸುಗೆಯನ್ನು ಸರಿಪಡಿಸಬಲ್ಲ ಪರಿಣತರಿಗೆ ಕೊಡುವುದು ಹೊಸದನ್ನು ಕೊಳ್ಳುವುದಕ್ಕಿಂತ ಬಹಳ ಅಗ್ಗ. ನಿಮ್ಮದೇ ಘಟಕ ಮರಳುವುದರಿಂದ ಮರುಕೋಡಿಂಗ್‌ನ (ಹೊಸ ಘಟಕವನ್ನು ವಾಹನಕ್ಕೆ ಹೊಂದಿಸುವ) ವೆಚ್ಚವೂ ಸಾಮಾನ್ಯವಾಗಿ ಉಳಿಯುತ್ತದೆ.